ಸಾಕ್ಷಿ ಎಲ್ಲಿಂದ ತರಬೇಕ್ರೀ?

ನೌಕರಿಯೊಳಗ ಹೆಣ್ಣುಮಕ್ಕಳಿಗೆ ಅನ್ಯಾಯ ಆತಂದ್ರ ‘ಕೋರ್ಟಿಗೆ ಹೋಗಬೇಕಿತ್ತವಾ, ಕಾಯ್ದೆ ಅದಲ್ಲ’ ಅನ್ನೋರು ಭಾಳ ಮಂದಿ. ಕಾಯ್ದೆ ಅದ ಖರೆ. ಆದ್ರ ಕೋರ್ಟು ಕೇಳೋದು ಸಾಕ್ಷಿ, ಅದು ಇರೋದು ಸಾಹೇಬರ ಕಪಾಟಿನ್ಯಾಗ.

ನಮ್ಮ ಅಕ್ಕನ ಮಗಳದ್ದೇ ನೋಡ್ರಿ. ಬಾಣಂತನಕ್ಕ 26 ವಾರ ರಜಾ ಕೊಟ್ರು, 2017ರಿಂದ ಕಾಯ್ದೆನೇ ಹಂಗದ. ರಜಾದಾಗ ಇದ್ದಾಗ ತೆಗೆದ್ರ ತಪ್ಪು ಎಲ್ಲಾರಿಗೂ ಕಾಣತದ, ಅದಕ್ಕ ಆವಾಗ ತೆಗೀಲಿಲ್ಲ. ವಾಪಸ್ ಬಂದಮ್ಯಾಲೆ ಆಕಿ ಮಾಡೋ ಕೆಲಸ ಒಂದೊಂದ ಕಸಗೊಂಡ್ರು. ‘ಕೂಸು ಸಣ್ಣದದ, ನಿಮಗ ತ್ರಾಸ ಬ್ಯಾಡಂತ’ ಅಂದ್ರು, ನಕ್ಕೋತ. ಆರು ತಿಂಗಳಿಗೆ ‘ನಿಮ್ಮ ಕೆಲಸ ಸಾಲಂಗಿಲ್ಲ’ ಅಂತ ಕಾಗದ ಬಂತು. ಅದರಾಗ ಕೂಸಿನ ಸುದ್ದಿನೇ ಇಲ್ಲ! ಹಿಂದಿನ ವರ್ಷಗಳ ಚೊಲೋ ವರದಿ ಎಲ್ಲಾ ಆಫೀಸಿನ ಲ್ಯಾಪ್‌ಟಾಪಿನ್ಯಾಗ, ಅದನ್ನ ಅವತ್ತೇ ಇಸಗೊಂಡ್ರು. ‘ಬಾಯಾಗ ಅಂದದ್ದು ಯಾರ ಕೇಳ್ಯಾರ?’ ಅಂತ ವಕೀಲರು. ಕೇಳಿದ ಗೆಳತಿಗೆ ಮನಿ ಸಾಲದ ಕಂತು ಅದ, ಆಕಿ ಹ್ಯಾಂಗ ಬಂದು ಹೇಳ್ಯಾಳು? ಆಕೀನ್ನ ಬೈಯಾಕ ನನಗ ಮನಸ್ಸಿಲ್ಲ.

ಹಿಂದ ಇಂಥದ್ದನ್ನ ಬರದೇ ಇಡತಿದ್ರು. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ, ವಿದೇಶಾಂಗ ಸೇವೆ ಸೇರಿದ ಮೊದಲ ಹೆಣ್ಣುಮಗಳು, ಸರ್ಕಾರದ ಮ್ಯಾಲೇ ಸುಪ್ರೀಂ ಕೋರ್ಟಿಗೆ ಹೋಗಿದ್ರು. ಹೆಣ್ಣು ಅಧಿಕಾರಿ ಲಗ್ನ ಆಗಬೇಕಂದ್ರ ಸರ್ಕಾರದ ಪರವಾನಗಿ ಬೇಕು, ಸಂಸಾರದಿಂದ ಕೆಲಸಕ್ಕ ಅಡ್ಡಿ ಆಗತದ ಅನಿಸಿದ್ರ ರಾಜೀನಾಮೆ ಕೇಳಬಹುದು ಅಂತ ನಿಯಮದಾಗೇ ಅಚ್ಚಾಗಿತ್ತು. 1979ರಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಾನ ಚೊಲೋತ್ನಾಗಿ ಝಾಡಿಸಿದ್ರು. ಆದ್ರ ಬಡ್ತಿ ತಪ್ಪಿಸಿದ್ದಕ್ಕ ಸರ್ಕಾರ ಕೊಟ್ಟ ಕಾರಣ ಬ್ಯಾರೆ: ಅರ್ಹತಾ ಸಾಲದು ಅಂತ. ಕೇಸ್ ಹಾಕಿದ ಕೆಲವೇ ತಿಂಗಳಿಗೆ ಅದ ಅರ್ಹತಾ ಎಲ್ಲಿಂದ ಬಂತೋ, ಬಡ್ತಿ ಕೊಟ್ರು! ಅಂಥಾ ನಿಯಮ ಈಗ ಯಾರೂ ಅಚ್ಚು ಹಾಕಂಗಿಲ್ಲ. ಅದ ಮಾತು ನಕ್ಕೋತ ಹೇಳ್ತಾರ, ಕಾಗದದಾಗ ಅರ್ಹತಾ ಅಂತ ಬರೀತಾರ.

ವರದಕ್ಷಿಣಿ ಸಾವಿನ ಕೇಸ್ ನೆನಸ್ಕೋರಿ. ಲಗ್ನ ಆಗಿ ಏಳು ವರ್ಷದೊಳಗ ಹುಡುಗಿ ಸಹಜ ಅಲ್ಲದ ಸಾವು ಸತ್ತು, ಸ್ವಲ್ಪ ಮೊದಲ ವರದಕ್ಷಿಣಿಗಂತ ಕಾಡಿದ್ದು ಸಿದ್ಧ ಆದ್ರ, ತಾವಲ್ಲಂತ ತೋರಿಸೋ ಭಾರ ಕಾಡಿದವರ ಮ್ಯಾಲೇ ಬೀಳತದ. ನಾಕು ಗ್ವಾಡಿ ಒಳಗಿಂದಕ್ಕ ಸಾಕ್ಷಿ ಸಿಗಂಗಿಲ್ಲಂತಲೇ ಹಂಗ ಮಾಡ್ಯಾರ. ಆಫೀಸಿಗೂ ನಾಕು ಗ್ವಾಡಿ ಅವ ಅಲ್ರೀ? ಬಾಣಂತನ ಮುಗಿಸಿ ಬಂದಾಕೀನ್ನ ವರ್ಷದೊಳಗ ತೆಗೆದ್ರ, ಕೂಸಿನ ಕಾರಣಕ್ಕಲ್ಲ ಅಂತ ಅವರೇ ಸಾಬೀತು ಮಾಡಲಿ.

ಅಂಥಾ ಕಾಯ್ದೆ ಬರೋತನಕ, ನೌಕರಿ ಮಾಡೋ ಮಗಳು ಸೊಸಿಗೆ ಇಷ್ಟು ಹೇಳಿಡ್ರಿ: ಪಗಾರದ ಚೀಟಿ, ತನ್ನ ಕೆಲಸದ ವರದಿ ಒಂದೊಂದು ಪ್ರತಿ ಮನ್ಯಾಗ ಇರಲಿ. ಸಾಹೇಬರು ಬಾಯಾಗ ಏನರೆ ಅಂದ್ರ ಅವತ್ತೇ ಮೇಲ್ ಹಾಕಲಿ, ‘ಇವತ್ತ ನೀವು ಹಿಂಗ ಅಂದ್ರಿ, ನನಗೇನೂ ತ್ರಾಸ ಇಲ್ಲ, ಮೊದಲಿನ ಕೆಲಸನೇ ಕೊಡ್ರಿ’ ಅಂತ.