ಚುಚ್ಚಿದವರು ಫೋನ್ ಎತ್ತಬೇಕು

ನಮ್ಮೂರು ನಂಜನಗೂಡು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲೊಬ್ಬ ಸೂಜಿ ಡಾಕ್ಟ್ರು ಇದ್ದ. ಡಾಕ್ಟರಿಕೆ ಓದಿದವನಲ್ಲ, ಎಲ್ಲೋ ಕಾಂಪೌಂಡರ್ ಆಗಿದ್ದನಂತೆ. ಜ್ವರಕ್ಕೂ ಸೂಜಿ, ಸೊಂಟ ನೋವಿಗೂ ಸೂಜಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಶಕ್ತಿ ಬರಲಿ ಅಂತ ಅದಕ್ಕೂ ಒಂದು ಸೂಜಿ. ನಮ್ಮ ತಾತನಿಗೆ ಅವನು ಚುಚ್ಚಿದ ಜಾಗ ಕೀವಾಗಿ, ಪಾಪ, ತಿಂಗಳುಗಟ್ಟಲೆ ಬೋರಲು ಮಲಗಿದ್ದರು. ಬಿ.ಇ. ಸೇರಿದ ಮೇಲೆ ಹಾಸ್ಟೆಲಿನಲ್ಲಿ ಈ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಹಳ್ಳಿ ಜನಕ್ಕೆ ಬುದ್ಧಿ ಇಲ್ಲ ಕಣ್ರೋ, ಡಿಗ್ರಿ ಕೇಳದೇ ಸೂಜಿ ಹಾಕಿಸ್ಕೊಳ್ತಾರೆ ಅಂತ.

ಈಗ ನಗು ಬರಲ್ಲ. ಯಾಕಂದ್ರೆ ಹೋದ ವರ್ಷ ರಾಮಕೃಷ್ಣನಗರದ ನಮ್ಮ ಮನೆಯ ಹಾಲ್‌ನಲ್ಲಿ, ಶನಿವಾರ ರಾತ್ರಿ ಒಂಬತ್ತೂವರೆಗೆ, ಚಿಕ್ಕಮ್ಮನ ಮಗಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಇಪ್ಪತ್ತೈದು ವರ್ಷ, ನನ್ನ ಹಾಗೇ ಐಟಿ ಕೆಲಸ, ನನಗಿಂತ ಚುರುಕು. ಅವತ್ತು ಮಧ್ಯಾಹ್ನ ಒಂದು ‘ಸ್ಟುಡಿಯೋ’ಗೆ ಹೋಗಿ ತುಟಿಗೆ ಫಿಲ್ಲರ್ ಹಾಕಿಸಿಕೊಂಡು ಬಂದಿದ್ದಳು. ಸ್ಟುಡಿಯೋ ಹೆಸರು ಬೇಡ. ಅಂಥವು ಮೈಸೂರಲ್ಲೂ ಒಂದೆರಡಲ್ಲ, ಬೆಂಗಳೂರಲ್ಲಂತೂ ಕೇಳೋದೇ ಬೇಡ.

ದುಪಟ್ಟಾ ತೆಗೆಸಿದೆ. ಎರಡೂ ತುಟಿ ಊದಿದ್ದವು. ಅದು ನಿರೀಕ್ಷಿತವೇ. ಆದರೆ ಮೇಲ್ದುಟಿಯ ಬಲಭಾಗ ಮಾತ್ರ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಅದರ ಮೇಲೆ ಮೂಗಿನ ಪಕ್ಕದವರೆಗೂ ಬಲೆ ಹರಡಿದ ಹಾಗೆ ನೀಲಿ ಗೆರೆಗಳು. ‘ಏಳು ಗಂಟೆಯಿಂದ ತುಂಬಾ ನೋಯ್ತಿದೆ ಅಣ್ಣ’ ಅಂದಳು. ನಾನು ಏನಂದೆ ಗೊತ್ತಾ? ‘ಬೇಕಿತ್ತಾ ನಿಂಗೆ ಇದು?’

ಈ ಪ್ರಶ್ನೆಗೆ ಆಮೇಲೆ ಬರ್ತೀನಿ.

ಸ್ಟುಡಿಯೋಗೆ ಫೋಟೋ ಕಳಿಸಿದಳು. ವಾಟ್ಸಾಪಿನಲ್ಲಿ ಉತ್ತರ ಬಂತು: ‘ನಾರ್ಮಲ್ ಮೇಡಂ, ಐಸ್ ಇಡಿ.’ ಆಮೇಲೆ ಫೋನ್ ಸ್ವಿಚ್ ಆಫ್. ನನ್ನ ಹೈಸ್ಕೂಲ್ ಗೆಳೆಯನೊಬ್ಬ ಚರ್ಮರೋಗ ವೈದ್ಯ. ವಿಡಿಯೋ ಕಾಲ್ ಮಾಡಿದೆ. ‘ಆ ಬಿಳಿ ಜಾಗ ಬೆರಳಲ್ಲಿ ಒತ್ತಿ ಬಿಡು. ಎಷ್ಟು ಹೊತ್ತಿಗೆ ಬಣ್ಣ ವಾಪಸ್ ಬರುತ್ತೆ ನೋಡು’ ಅಂದ. ನಿಮ್ಮ ತುಟಿ ಒತ್ತಿ ನೋಡಿ, ಎರಡು ಸೆಕೆಂಡಿನೊಳಗೆ ರಕ್ತ ತುಂಬಿ ಕೆಂಪಾಗುತ್ತೆ. ಅವಳಿಗೆ ಐದಾರು ಎಣಿಸಿದರೂ ಬರಲಿಲ್ಲ. ಗೆಳೆಯನ ದನಿ ಬದಲಾಯಿತು. ‘ಮೊದಲು ಐಸ್ ತೆಗಿ. ಬೆಚ್ಚನೆ ಬಟ್ಟೆ ಇಡು. ಈಗಲೇ ಹೊರಡು, ಬೆಳಿಗ್ಗೆ ನೋಡೋಣ ಅನ್ನಬೇಡ.’

ಏನಾಗಿತ್ತು ಅಂದ್ರೆ, ತುಟಿಗೆ ರಕ್ತ ಕೊಡುವ ಸಣ್ಣ ರಕ್ತನಾಳದ ಒಳಗೇ ಜೆಲ್ ಹೋಗಿ ಕೂತಿತ್ತು. ಅಥವಾ ಹೊರಗಿನಿಂದ ಅದನ್ನ ಒತ್ತಿ ಹಿಡಿದಿತ್ತು. ನಲ್ಲಿ ಪೈಪಿಗೆ ಕಲ್ಲು ಸಿಕ್ಕಿಕೊಂಡ ಹಾಗೆ. ಆಚೆ ಕಡೆಯ ಚರ್ಮಕ್ಕೆ ರಕ್ತ ಇಲ್ಲ. ಹಾಗೇ ಬಿಟ್ಟರೆ ಅಷ್ಟು ಭಾಗ ಕೊಳೆತು ಉದುರುತ್ತೆ. ತೀರಾ ಅಪರೂಪಕ್ಕೆ ಜೆಲ್ ಕಣ್ಣಿನ ರಕ್ತನಾಳ ತಲುಪಿದರೆ ದೃಷ್ಟಿಯೇ ಹೋಗಬಹುದು. ಐಸ್ ರಕ್ತನಾಳವನ್ನ ಇನ್ನಷ್ಟು ಕುಗ್ಗಿಸುತ್ತೆ. ಅಂದರೆ ಸ್ಟುಡಿಯೋದವರು ಕೊಟ್ಟ ಒಂದೇ ಒಂದು ಸಲಹೆ ಉಲ್ಟಾ ಸಲಹೆ.

ಇನ್ನೊಂದು ವಿಷಯ ಕೇಳಿ. ಈ ಜೆಲ್‌ನಲ್ಲಿ ಸಾಮಾನ್ಯವಾಗಿ ಇರೋದು ಹಯಲ್ಯುರಾನಿಕ್ ಆಸಿಡ್. ನಮ್ಮೆಲ್ಲರ ಚರ್ಮದಲ್ಲಿ, ಕೀಲುಗಳಲ್ಲಿ ಇರುವಂಥದ್ದೇ. 1934ರಲ್ಲಿ ಅಮೆರಿಕದಲ್ಲಿ ಇದನ್ನ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಇದನ್ನ ಕರಗಿಸುವ ಮದ್ದೂ ಇದೆ, ಹಯಲ್ಯುರಾನಿಡೇಸ್ ಅಂತ. ಅದೇನೂ ಚಂದ್ರಲೋಕದ ಔಷಧಿಯಲ್ಲ. ನಮ್ಮ ಅಜ್ಜ ಅಜ್ಜಿಯರ ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚೆ ಮರಗಟ್ಟಿಸುವ ಇಂಜೆಕ್ಷನ್ ಜೊತೆ ಎಷ್ಟೋ ವರ್ಷದಿಂದ ಬಳಸ್ತಾ ಇರೋದೇ. ಫ್ರಿಜ್ಜಿನಲ್ಲಿ ಒಂದಷ್ಟು ವಯಲ್ ಇಟ್ಟುಕೊಂಡರೆ, ಅದನ್ನ ಹಾಕೋಕೆ ಬರುವ ಡಾಕ್ಟರ್ ಇದ್ದರೆ ಕೆಲಸ ಆಯಿತು.

ಸ್ಟುಡಿಯೋದಲ್ಲಿ ಅದು ಇರಲಿಲ್ಲ. ಆಸ್ಪತ್ರೆಯಲ್ಲಿತ್ತು. ರಾತ್ರಿ ಹನ್ನೊಂದೂವರೆಗೆ ಶುರು ಮಾಡಿ, ಗಂಟೆಗೊಂದು ಸಲದಂತೆ ಮೂರು ಸಲ ಚುಚ್ಚಿದರು. ಎರಡು ಗಂಟೆ ದಾಟಿದ ಮೇಲೆ ತುಟಿ ಮೆಲ್ಲಗೆ ಕೆಂಪಾಗತೊಡಗಿತು. ಮೇಲ್ದುಟಿ ಅಂಚಿನಲ್ಲಿ ಒಂದು ಕಡೆ ಹೊಕ್ಕು ಕಟ್ಟಿ, ಉದುರಿ, ವಾಸಿಯಾಗಲು ಮೂರು ವಾರ ಹಿಡಿಯಿತು. ಈಗಲೂ ಅಲ್ಲಿ ಒಂದು ಬೇಳೆಯಷ್ಟು ಕಲೆ ಇದೆ.

ಸೋಮವಾರ ನಾನೇ ಸ್ಟುಡಿಯೋಗೆ ಹೋದೆ. ರಿಸೆಪ್ಷನ್ ಹುಡುಗಿ ಪಾಪ, ಅವಳದ್ದೇನು ತಪ್ಪು. ‘ಕನ್ಸೆಂಟ್ ಫಾರಂ ಸೈನ್ ಮಾಡಿದ್ದಾರಲ್ಲ ಸರ್’ ಅಂತ ತೋರಿಸಿದಳು. ನಾಲ್ಕು ಪುಟ ಇಂಗ್ಲಿಷು. ಮೂರನೇ ಪುಟದಲ್ಲಿ ರಕ್ತನಾಳ ಕಟ್ಟಿಕೊಳ್ಳುವ ‘ಅಪರೂಪದ ಸಾಧ್ಯತೆ’ ಅಂತ ಒಂದು ಸಾಲು. ಆ ಅಪರೂಪ ರಾತ್ರಿ ಏಳಕ್ಕೆ ಎದುರಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಚುಚ್ಚಿದವರು ಯಾರು ಅಂತ ಕೇಳಿದೆ. ‘ಸರ್ಟಿಫೈಡ್ ಇಂಜೆಕ್ಟರ್.’ ಯಾವ ಸರ್ಟಿಫಿಕೇಟು? ಎರಡು ದಿನದ ಕೋರ್ಸು.

ಸ್ವಾಮಿ, ನಮ್ಮ ಕೆಲಸದಲ್ಲಿ ಒಂದು ರೂಲ್ ಇದೆ. ನೀವೂ ಈ ಫೀಲ್ಡಿನವರಾದರೆ ಗೊತ್ತಿರುತ್ತೆ. ಪ್ರೊಡಕ್ಷನ್‌ಗೆ ಒಂದು ಸಾಲು ಕೋಡ್ ಬಿಡಬೇಕಾದರೂ ಮೊದಲು ಕೇಳ್ತಾರೆ: ರೋಲ್‌ಬ್ಯಾಕ್ ಪ್ಲಾನ್ ಏನು? ಆನ್‌ಕಾಲ್ ಯಾರು? ಎರಡಕ್ಕೂ ಉತ್ತರ ಇಲ್ಲದಿದ್ದರೆ ಬಿಡಲ್ಲ. ಯಾವುದೋ ಆ್ಯಪಿನ ಬಟನ್ ಬಣ್ಣ ಬದಲಾಯಿಸೋಕೆ ಇಷ್ಟು ಜಾಗ್ರತೆ ಮಾಡುವ ನಾವು, ನಮ್ಮದೇ ಮುಖಕ್ಕೆ ಸೂಜಿ ಹಾಕಿಸಿಕೊಳ್ಳುವಾಗ ಕೇಳೋದು ಇಷ್ಟೇ: ವೀಕೆಂಡ್ ಆಫರ್ ಇದ್ಯಾ, ಇಎಂಐ ಆಗುತ್ತಾ?

ನನ್ನ ವಾದ ಇಷ್ಟು. ಚುಚ್ಚೋಕೆ ಬರುವವರಿಗೆ ಕರಗಿಸೋಕೂ ಬರಬೇಕು, ರಾತ್ರಿ ಫೋನ್ ಎತ್ತೋಕೂ ಬರಬೇಕು. ಇವೆರಡೂ ಬರದವರಿಗೆ ಸೂಜಿ ಹಿಡಿಯುವ ಹಕ್ಕಿಲ್ಲ.

‘ರಿಸ್ಕ್ ಇಲ್ಲದ ಚಿಕಿತ್ಸೆ ಯಾವುದಿದೆ? ಸಾವಿರಾರು ಜನ ಮಾಡಿಸಿಕೊಂಡು ಆರಾಮಾಗಿದ್ದಾರೆ’ ಅಂತೀರಿ. ನಿಜ. ಹೆಚ್ಚಿನವರಿಗೆ ಏನೂ ಆಗಲ್ಲ. ಮೊದಲ ಎರಡು ದಿನ ಊತ ಜಾಸ್ತಿ ಇರುತ್ತೆ, ಕನ್ನಡಿ ನೋಡಿದರೆ ಅಳು ಬರುತ್ತೆ. ಸೂಜಿ ತಾಗಿದ ಕಡೆ ನೀಲಿಗಟ್ಟಿದ್ದು ವಾರ ಹತ್ತು ದಿನಕ್ಕೆ ಮಾಯುತ್ತೆ. ಮುಟ್ಟಿದರೆ ಸಣ್ಣ ಗಂಟು ಸಿಗಬಹುದು, ಬಹಳಷ್ಟು ತಾನೇ ಮೆತ್ತಗಾಗುತ್ತೆ. ನಿಜವಾದ ಆಕಾರ ಗೊತ್ತಾಗೋಕೆ ಎರಡು ವಾರವಾದರೂ ಕಾಯಬೇಕು. ಮೊದಲೇ ತುಟಿಯಲ್ಲಿ ಜ್ವರಗುಳ್ಳೆ ಏಳುವ ಅಭ್ಯಾಸ ಇದ್ದವರಿಗೆ ಅದು ಮತ್ತೆ ಏಳಬಹುದು, ಹಾಗಾಗಿ ಡಾಕ್ಟರಿಗೆ ಮುಂಚೆಯೇ ಹೇಳಬೇಕು. ಇದೆಲ್ಲ ವಾಸಿಯಾಗುವ ದಾರಿಯೇ.

ಹಾಗಲ್ಲದ್ದು ಬೇರೆ. ಬಿಳಿಚುವುದು, ಬಲೆಯಂಥ ನೀಲಿ ಗೆರೆ, ಗಂಟೆ ಕಳೆದಂತೆ ಏರುವ ನೋವು, ಒತ್ತಿದರೆ ಬಣ್ಣ ವಾಪಸ್ ಬಾರದಿರುವುದು, ಕಣ್ಣು ಮಂಜಾಗುವುದು. ಇದಕ್ಕೆ ಕಾಯುವ ಹಾಗಿಲ್ಲ. ಎಷ್ಟೋ ಜೆಲ್‌ಗಳಲ್ಲಿ ಮರಗಟ್ಟಿಸುವ ಔಷಧಿಯೂ ಬೆರೆತಿರುತ್ತೆ, ಹಾಗಾಗಿ ಮೊದಲ ಕೆಲವು ಗಂಟೆ ನೋವೇ ಗೊತ್ತಾಗದೇ ಹೋಗಬಹುದು. ನೋವಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲ್ಲ. ಇನ್ನು ವಾರಗಳು, ತಿಂಗಳುಗಳು ಕಳೆದ ಮೇಲೆ ಗಂಟು ಕಾಣಿಸಿಕೊಂಡರೆ, ಕೆಂಪಾಗಿ ಬಿಸಿಯಾದರೆ ಅದನ್ನೂ ಡಾಕ್ಟರಿಗೆ ತೋರಿಸಬೇಕು, ಹಿಸುಕಬಾರದು. ನಾರ್ಮಲ್ ಯಾವುದು, ಎಮರ್ಜೆನ್ಸಿ ಯಾವುದು ಅಂತ ಬೇರ್ಪಡಿಸಲು ಬರದವರು ‘ನಾರ್ಮಲ್ ಮೇಡಂ’ ಅಂತ ಮೆಸೇಜ್ ಹಾಕಿ ಮಲಗೋದೇ ನನ್ನ ತಕರಾರು.

ಕಾನೂನು ಇಲ್ಲವಾ? ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಅದರ ಪ್ರಕಾರ ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಮಾಡಿಸಲೇಬೇಕು. 2017ರ ತಿದ್ದುಪಡಿಯಾದ ಮೇಲೆ ದೂರು ಕೊಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವೇ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ, ವರ್ಕ್‌ಶಾಪಿನಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆ ಶುರು ಮಾಡಲು ಸಾಲದು ಅಂತ ಬರೆಯಬೇಕಾಯಿತು. ಹಾಗೆ ಬರೆಯಬೇಕಾಯಿತು ಅನ್ನೋದೇ ನಾವು ಎಲ್ಲಿದ್ದೀವಿ ಅಂತ ಹೇಳುತ್ತೆ. ಅಮೆರಿಕದ ಎಫ್‌ಡಿಎ ತುಟಿ ಫಿಲ್ಲರಿಗೆ ಒಪ್ಪಿಗೆ ಕೊಟ್ಟಿರೋದು 22 ವರ್ಷ ತುಂಬಿದವರಿಗೆ. ಸೂಜಿಯಿಲ್ಲದ ‘ಪೆನ್’ ಹಿಡಿದು ಜೆಲ್ ತಳ್ಳುವ ಉಪಕರಣ ಬಳಸಲೇಬೇಡಿ ಅಂತ 2021ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಕಾಲೇಜು ಹುಡುಗಿಯರಿಗೆ ಸ್ಟೂಡೆಂಟ್ ಡಿಸ್ಕೌಂಟು!

ಈಗ ‘ಬೇಕಿತ್ತಾ ನಿಂಗೆ ಇದು’ ಅನ್ನುವ ಪ್ರಶ್ನೆಗೆ ಬರ್ತೀನಿ. ಯಾಕಂದ್ರೆ ತಪ್ಪು ಸ್ಟುಡಿಯೋದವರದ್ದು ಮಾತ್ರ ಅಂತ ಬರೆದು ಮುಗಿಸಿದರೆ ನಾನೂ ಮೋಸ ಮಾಡಿದ ಹಾಗೆ.

ನೋವು ಶುರುವಾಗಿದ್ದು ಏಳಕ್ಕೆ. ನನಗೆ ಹೇಳಿದ್ದು ಒಂಬತ್ತೂವರೆಗೆ. ರಕ್ತ ಇಲ್ಲದ ಚರ್ಮಕ್ಕೆ ಎರಡೂವರೆ ಗಂಟೆ ಕಡಿಮೆ ಹೊತ್ತಲ್ಲ. ಪಕ್ಕದ ರೂಮಲ್ಲೇ ಇದ್ದ ನನಗೆ ಯಾಕೆ ಹೇಳಲಿಲ್ಲ? ಆಮೇಲೆ ಅವಳೇ ಹೇಳಿದಳು. 2025ರ ಜುಲೈನಲ್ಲಿ ಉರ್ಫಿ ಜಾವೇದ್ ತನ್ನ ತುಟಿಯ ಫಿಲ್ಲರ್ ಕರಗಿಸಿಕೊಂಡ ವಿಡಿಯೋ ಹಾಕಿದ್ದಳಲ್ಲ, ಮುಖವೆಲ್ಲ ಊದಿಕೊಂಡು? ನಾನು ಅದನ್ನ ಊಟದ ಹೊತ್ತಲ್ಲಿ ಎಲ್ಲರಿಗೂ ತೋರಿಸಿ ನಕ್ಕಿದ್ದೆ. ‘ಮಾಡಿದ್ದುಣ್ಣೋ ಮಹರಾಯ’ ಅಂದಿದ್ದೆ. ಇವಳು ಎದುರಿಗೇ ಕೂತು ಚಪಾತಿ ತಿಂತಿದ್ದಳು. ಹದಿನೆಂಟರ ವಯಸ್ಸಿನಿಂದ ಹಾಕಿಸಿಕೊಂಡಿದ್ದನ್ನ ಆ ಹುಡುಗಿ ನಾಚಿಕೆ ಬಿಟ್ಟು ತೋರಿಸಿದ್ದಕ್ಕೆ, ಕರಗಿಸೋಕೆ ಒಂದು ಮದ್ದಿದೆ ಅಂತ ಎಷ್ಟೋ ಜನಕ್ಕೆ ಗೊತ್ತಾಯಿತು. ನನ್ನ ನಗುವಿನಿಂದ ನಮ್ಮ ಮನೆ ಹುಡುಗಿ ಎರಡೂವರೆ ಗಂಟೆ ದುಪಟ್ಟಾ ಮುಚ್ಚಿಕೊಂಡಳು.

2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಹೋಗಿ ತೀರಿಕೊಂಡರು. ಮನೆಯವರಿಗೆ ಹೇಳದೇ ಹೋಗಿದ್ದರು. ಆ ಸುದ್ದಿಯ ಕೆಳಗೂ ‘ಬೇಕಿತ್ತಾ’ ಅಂದವರಿದ್ದರು. ಮನೆಯಲ್ಲಿ ಹೇಳೋ ಹಾಗಿದ್ದರೆ ಹೇಳ್ತಿದ್ದಳಲ್ಲವಾ?

ತುಟಿ ಅಂದರೆ ತೊಂಡೆಹಣ್ಣಿನ ಹಾಗಿರಬೇಕು ಅಂತ ನೂರಾರು ವರ್ಷ ಕಾವ್ಯ ಬರೆದವರು ನಾವು. ಹೆಣ್ಣು ನೋಡೋಕೆ ಹೋದಾಗ ಬಣ್ಣ, ಮೂಗು, ಹಲ್ಲು ಎಲ್ಲ ಲೆಕ್ಕ ಹಾಕುವವರು ನಾವು. ಇವಳಿಗೂ ಹೋದ ವರ್ಷ ಒಂದು ಸಂಬಂಧದವರು ‘ನಕ್ಕರೆ ಒಸಡು ಕಾಣುತ್ತೆ’ ಅಂದಿದ್ದರು. ಬೇಡ ಅಂತ ಹೇಳೋಕೆ ಬೇರೆ ಕಾರಣ ಸಿಗಲಿಲ್ಲ ಅನ್ಸುತ್ತೆ. ನಾವೇ ಅಳೆದು, ನಾವೇ ಕುಂದು ಹೇಳಿ, ಅದನ್ನ ಸರಿ ಮಾಡಿಸ್ಕೊಳ್ಳೋಕೆ ಹೋದಾಗ ನಾವೇ ನಗೋದು. ಆ ಸ್ಟುಡಿಯೋದ ಬಿಸಿನೆಸ್ ನಡೀತಿರೋದು ಇದರ ಮೇಲೆ. ಗುಟ್ಟಾಗಿ ಬರುವ ಗಿರಾಕಿ ಯಾವತ್ತೂ ದೂರು ಕೊಡಲ್ಲ.

ಹಾಕಿಸ್ಕೊಳ್ಳಿ ಅಂತಲೂ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ತುಟಿ ನಿಮ್ಮದು. ಹೋಗುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಚುಚ್ಚುವವರು ನೋಂದಾಯಿತ ವೈದ್ಯರಾ, ನಂಬರ್ ಎಷ್ಟು? ಹಾಕುವ ಜೆಲ್ ಯಾವುದು, ನನ್ನ ಕಣ್ಣೆದುರೇ ಪ್ಯಾಕ್ ಒಡೆದು ಬ್ಯಾಚ್ ನಂಬರ್ ಕೊಡ್ತೀರಾ? ಅದು ಕರಗಿಸಬಹುದಾದ ಜೆಲ್ ತಾನೇ, ಕರಗಿಸುವ ಮದ್ದು ಇಲ್ಲೇ ಇದ್ಯಾ, ತೋರಿಸಿ? ಇವತ್ತು ರಾತ್ರಿ ಹನ್ನೊಂದಕ್ಕೆ ಯಾರು ಫೋನ್ ಎತ್ತುತ್ತಾರೆ? ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ. ಮತ್ತೆ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಆ ಒಬ್ಬರು ನೀವಾಗಿದ್ದರೆ ದಯವಿಟ್ಟು ನನ್ನ ಹಾಗೆ ಬಾಯಿ ಬಿಡಬೇಡಿ. ಮೊದಲು ಗಾಡಿ ಕೀ ತಗೊಳ್ಳಿ.

ನಮ್ಮೂರ ಸೂಜಿ ಡಾಕ್ಟ್ರು ಮಾಡಿದ್ದು ಸರಿ ಅಂತಲ್ಲ. ಆದರೆ ತಾತನಿಗೆ ಕೀವಾದಾಗ ಅಪ್ಪ ನಡುರಾತ್ರಿ ಹೋಗಿ ಅವನ ಬಾಗಿಲು ಬಡಿದಿದ್ದರು. ಅವನು ಲುಂಗಿಯಲ್ಲೇ ಎದ್ದು ಬಂದು, ನೋಡಿ, ‘ಇದು ನನ್ ಕೈಲಾಗಲ್ಲ ಗೌಡ್ರೇ’ ಅಂತ ಒಪ್ಪಿಕೊಂಡು, ತಾನೇ ಟೆಂಪೋ ಹತ್ತಿಸಿಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬಂದಿದ್ದ.

ಸ್ಟುಡಿಯೋದವರು ಇವತ್ತಿನವರೆಗೂ ಹೇಗಿದ್ದೀರಿ ಅಂತ ಒಂದು ಫೋನ್ ಮಾಡಿಲ್ಲ. ಹೋದ ತಿಂಗಳು ಅವಳಿಗೆ ಅವರದ್ದೊಂದು ಮೆಸೇಜ್ ಬಂತು. ಟಚ್‌ಅಪ್‌ಗೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ, ಭಾನುವಾರದವರೆಗೆ ಮಾತ್ರ.