ಹಬ್ಬ ಬೇಕು, ಹಬ್ಬದವರು ಬೇಡವೇ?

ಮಗಳ ಮನೆಯಲ್ಲಿ ಕೆಲವು ತಿಂಗಳು ಕಳೆಯಲೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಮೇ 5ರ ಸಂಜೆ ಅಲ್ಲಿನ ಅಂಗಡಿ ಬೀದಿಯಲ್ಲಿ ನಡೆದಾಡುತ್ತಿದ್ದೆ. ಹೋಟೆಲುಗಳ ಮುಂದೆ ಹಸಿರು, ಬಿಳಿ, ಕೆಂಪು ತೋರಣ. ಅಗಲ ಅಂಚಿನ ಟೋಪಿ ಧರಿಸಿ ಬಿಯರ್ ಹೀರುತ್ತಿದ್ದ ತರುಣರ ಗುಂಪು. ಇದು ‘ಸಿಂಕೊ ದೆ ಮಾಯೊ’, ಅಂದರೆ ಮೇ ಐದು, ಮೆಕ್ಸಿಕೊದ ಸ್ವಾತಂತ್ರ್ಯ ದಿನ ಎಂದು ಅವರಲ್ಲೊಬ್ಬ ಬಲು ವಿಶ್ವಾಸದಿಂದ ವಿವರಿಸಿದ. ಮರುದಿನ ಮಗಳ ಮನೆಯಂಗಳದ ಹುಲ್ಲು ಕತ್ತರಿಸಲು ಬಂದ ಮೆಕ್ಸಿಕೊ ಮೂಲದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಅವರು ನಕ್ಕು, ತಮ್ಮೂರಿನಲ್ಲಿ ಅದು ಕೆಲಸದ ದಿನವೆಂದೂ ಸ್ವಾತಂತ್ರ್ಯದ ಹಬ್ಬ ಬರುವುದು ಸೆಪ್ಟೆಂಬರಿನಲ್ಲೆಂದೂ ಹೇಳಿದರು.

ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಈ ದಿನದ ಮೂಲ ಕುತೂಹಲಕಾರಿಯಾಗಿ ಕಂಡಿತು; ಅದರ ಬೇರು ಇರುವುದು ಸಾಲದಲ್ಲಿ. ಅಂತರ್ಯುದ್ಧದಿಂದ ಬರಿದಾದ ಬೊಕ್ಕಸ ಹೊತ್ತಿದ್ದ ಅಧ್ಯಕ್ಷ ಬೆನಿಟೊ ಹ್ವಾರೆಸ್ 1861ರಲ್ಲಿ ವಿದೇಶಿ ಸಾಲದ ಮರುಪಾವತಿಯನ್ನು ಎರಡು ವರ್ಷ ತಡೆಹಿಡಿದರು. ವಸೂಲಿಗಾಗಿ ಬ್ರಿಟನ್, ಸ್ಪೇನ್, ಫ್ರಾನ್ಸ್ ಮೂರೂ ಹಡಗುಗಳನ್ನು ಕಳುಹಿಸಿದವು. ಮೊದಲಿನ ಎರಡು ದೇಶಗಳು ಹಿಂದೆ ಸರಿದವು; ಸಾಮ್ರಾಜ್ಯದ ಕನಸು ಕಂಡಿದ್ದ ಮೂರನೆಯ ನೆಪೋಲಿಯನ್ ಮಾತ್ರ ಸರಿಯಲಿಲ್ಲ. 1862ರ ಮೇ 5ರಂದು ಪ್ಯೂಬ್ಲಾ ನಗರದ ಬಳಿ ಜನರಲ್ ಇಗ್ನಾಸಿಯೊ ಸರಗೋಸಾ ಫ್ರೆಂಚ್ ಸೇನೆಯನ್ನು ಹಿಮ್ಮೆಟ್ಟಿಸಿದರು. ಆ ಗೆಲುವು ಬಾಳಲಿಲ್ಲ. ಮರುವರ್ಷವೇ ಫ್ರೆಂಚರು ರಾಜಧಾನಿಯನ್ನು ಹಿಡಿದರು. ಅವರು ಸಿಂಹಾಸನದ ಮೇಲೆ ಕೂರಿಸಿದ ಮ್ಯಾಕ್ಸಿಮಿಲಿಯನ್‌ನನ್ನು ಸೋಲಿಸಿ ಮರಣದಂಡನೆಗೆ ಗುರಿಪಡಿಸಲು 1867ರವರೆಗೆ ಕಾಯಬೇಕಾಯಿತು.

ಹಾಗಾದರೆ ಅಮೆರಿಕದ ಸಿಂಕೊ ದೆ ಮಾಯೊ ಬರೀ ಬಿಯರ್ ಕಂಪನಿಗಳ ಸೃಷ್ಟಿಯೇ? ನಾನೂ ಮೊದಲು ಹಾಗೆಂದೇ ಭಾವಿಸಿದ್ದೆ. ಆದರೆ 2012ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿದ್ವಾಂಸ ಡೇವಿಡ್ ಹೇಯ್ಸ್-ಬೌಟಿಸ್ಟಾ ಬೇರೆಯದೇ ಕಥೆಯನ್ನು ಮುಂದಿಟ್ಟರು. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲವದು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದವರು ಪ್ಯೂಬ್ಲಾದ ಗೆಲುವನ್ನು ಸ್ವಾತಂತ್ರ್ಯದ ಪಕ್ಷದ ಗೆಲುವೆಂದು ಕಂಡು ಆಗಲೇ ಆಚರಣೆ ಆರಂಭಿಸಿದ್ದರು. ಒಂದು ಶತಮಾನದ ನಂತರ ಚಿಕಾನೊ ಚಳವಳಿಗಾರರು ಅದನ್ನು ನಾಗರಿಕ ಹಕ್ಕುಗಳ ಸಂಕೇತವಾಗಿ ಎತ್ತಿಹಿಡಿದರು. ಜಾಹೀರಾತು ಬಂದದ್ದು ಆಮೇಲೆ, 1980ರ ದಶಕದಲ್ಲಿ. ಹೊರನಾಡಿನ ಹಬ್ಬ ತಾಯ್ನಾಡಿನದರ ನಕಲಾಗಿರಬೇಕಿಲ್ಲ. ಅದಕ್ಕೆ ತನ್ನದೇ ಅಗತ್ಯ, ತನ್ನದೇ ಚರಿತ್ರೆ ಇರಬಹುದು.

ತಾಯ್ನಾಡಿನ ದೊಡ್ಡ ರಾತ್ರಿ ಸೆಪ್ಟೆಂಬರ್ 15. 1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಡೊಲೊರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ಚರ್ಚಿನ ಗಂಟೆ ಬಾರಿಸಿ ಸ್ಪೇನಿನ ಆಡಳಿತದ ವಿರುದ್ಧ ಜನರನ್ನು ಕರೆದರು. ಮರುವರ್ಷ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಸ್ವಾತಂತ್ರ್ಯ ದಕ್ಕಿದ್ದು 1821ರಲ್ಲಿ. ಆದರೂ ಆ ದೇಶ ಆಚರಿಸುವುದು ದಕ್ಕಿದ ದಿನವನ್ನಲ್ಲ, ಕೂಗಿದ ದಿನವನ್ನು. ಅಧ್ಯಕ್ಷರು ರಾಷ್ಟ್ರೀಯ ಅರಮನೆಯ ಮೊಗಸಾಲೆಯಲ್ಲಿ ನಿಂತು ಗಂಟೆ ಬಾರಿಸಿ ‘ವಿವಾ ಮೆಹಿಕೊ’ ಎಂದು ಕೂಗಿದರೆ ಕೆಳಗಿನ ಚೌಕದಲ್ಲಿ ನೆರೆದ ಜನಸ್ತೋಮ ದನಿಗೂಡಿಸುತ್ತದೆ. 2025ರಲ್ಲಿ ಈ ಕರೆ ನೀಡಿದ ಕ್ಲಾಡಿಯಾ ಶೇನ್‌ಬಾಮ್, ಹಾಗೆ ಮಾಡಿದ ಮೊದಲ ಮಹಿಳಾ ಅಧ್ಯಕ್ಷೆ.

ಇನ್ನು ನವೆಂಬರ್ 1 ಮತ್ತು 2ರ ಮೃತರ ಹಬ್ಬ. ಅಗಲಿದವರ ಭಾವಚಿತ್ರದ ಮುಂದೆ ಅವರಿಗೆ ಪ್ರಿಯವಾದ ತಿನಿಸು ಇಟ್ಟು, ಅವರು ದಾರಿ ತಪ್ಪದೆ ಮನೆಗೆ ಬರಲೆಂದು ಚೆಂಡುಹೂವಿನ ಎಸಳು ಹರಡುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ನಮಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಬಾಗಿಲಿಗೆ ತೋರಣವಾಗುವ ಚೆಂಡುಹೂವಿನ ತವರೂ ಮೆಕ್ಸಿಕೊ! ಆದರೆ ರಾಜಧಾನಿಯಲ್ಲಿ ಈಗ ನಡೆಯುವ ಭಾರಿ ಮೆರವಣಿಗೆ 2016ರಲ್ಲಿ ಆರಂಭವಾದದ್ದು, 2015ರ ಜೇಮ್ಸ್ ಬಾಂಡ್ ಚಿತ್ರದ ಕಾಲ್ಪನಿಕ ದೃಶ್ಯವೊಂದರ ಪ್ರೇರಣೆಯಿಂದ. ಶುದ್ಧ ಪರಂಪರೆ ತಾಯ್ನಾಡಿನಲ್ಲಿದೆ, ಕಲಬೆರಕೆ ಹೊರಗಿದೆ ಎಂಬ ವಾದ ಇಲ್ಲಿಯೂ ನಿಲ್ಲುವುದಿಲ್ಲ.

ಆದುದರಿಂದ ನನ್ನ ಕಳವಳ ಹಬ್ಬದ ಶುದ್ಧತೆಯ ಕುರಿತಾದುದಲ್ಲ. ಸರಕು ಗಡಿ ದಾಟುವುದು ಸುಲಭ, ಶ್ರಮಿಕ ದಾಟುವುದು ಕಠಿಣ ಎಂಬುದು ನಮ್ಮ ಕಾಲದ ಆರ್ಥಿಕತೆಯ ಕಹಿ ಸತ್ಯ. 2023ರಲ್ಲಿ ಅಮೆರಿಕದ ಮಳಿಗೆಗಳಲ್ಲಿ ಮಾರಾಟದ ಮೌಲ್ಯದಲ್ಲಿ ಅಗ್ರಸ್ಥಾನಕ್ಕೇರಿದ್ದು ಮೆಕ್ಸಿಕೊದ ಬಿಯರ್. ಆದರೆ 2025ರ ಮೇ ತಿಂಗಳಲ್ಲಿ ಷಿಕಾಗೊದ ಸಿಂಕೊ ದೆ ಮಾಯೊ ಮೆರವಣಿಗೆ ರದ್ದಾಯಿತು. ಸೆಪ್ಟೆಂಬರಿನಲ್ಲಿ ಅದೇ ನಗರದ ಸ್ವಾತಂತ್ರ್ಯೋತ್ಸವವನ್ನು ಸಂಘಟಕರು ಮುಂದೂಡಿದರು. ವಲಸೆ ಅಧಿಕಾರಿಗಳ ದಾಳಿಯ ಭೀತಿಯೇ ಎರಡಕ್ಕೂ ಕಾರಣ. ಹೊರಗೆ ದುಡಿಯುವ ಮೆಕ್ಸಿಕನ್ನರು 2024ರಲ್ಲಿ ಊರಿಗೆ ಕಳುಹಿಸಿದ ಹಣ 6,400 ಕೋಟಿ ಡಾಲರಿಗೂ ಅಧಿಕ. 2026ರ ಜನವರಿಯಿಂದ ಅಮೆರಿಕದಿಂದ ನಗದಿನ ಮೂಲಕ ಹಾಗೆ ಕಳುಹಿಸುವ ಹಣದ ಮೇಲೆ ಶೇ 1ರಷ್ಟು ತೆರಿಗೆಯೂ ಬಿದ್ದಿದೆ.

ಗಡಿಗಳನ್ನು ಕಾಯುವ ಹಕ್ಕು ಪ್ರತಿ ದೇಶಕ್ಕೂ ಇದೆ; ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನಾನು ಅದನ್ನು ಅಲ್ಲಗಳೆಯಲಾರೆ. ಉಪವಿಭಾಗಾಧಿಕಾರಿಯಾಗಿದ್ದಾಗ ಪ್ರತಿ ಗಣೇಶ ಚತುರ್ಥಿಗೆ ಮುನ್ನ ಶಾಂತಿ ಸಭೆ ಕರೆಯುತ್ತಿದ್ದೆ. ಜನ ನಿರ್ಭೀತಿಯಿಂದ ಬೀದಿಗೆ ಬರುವಂತಾಗಲಿ ಎಂಬುದಷ್ಟೇ ಆ ಸಭೆಯ ಉದ್ದೇಶ. ಅಧಿಕಾರಿಗಳ ಭಯದಿಂದಲೇ ಜನ ಹಬ್ಬ ಕೈಬಿಟ್ಟರೆ, ಕಾಗದದ ಮೇಲೆ ಕಾನೂನು ಗೆದ್ದಿದ್ದರೂ ಆಡಳಿತ ಸೋತಿದೆ ಎಂದೇ ಅರ್ಥ.

ಇದು ಪರರ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮಕ್ಕಳೂ ಅಲ್ಲಿ ಶಾಲೆಯ ಸಭಾಂಗಣ ಬಾಡಿಗೆ ಹಿಡಿದು, ಯುಗಾದಿಯನ್ನು ಅನುಕೂಲದ ಶನಿವಾರಕ್ಕೆ ಸರಿಸಿ, ಕನ್ನಡ ಕೂಟದಲ್ಲಿ ಹೋಳಿಗೆ ಹಂಚುತ್ತಾರೆ. ಅವರಲ್ಲಿ ಅನೇಕರು ವೀಸಾ ಗಡುವನ್ನು ಎಣಿಸುತ್ತಿರುವವರೇ. ಆ ಹುಲ್ಲು ಕತ್ತರಿಸುವ ಹಿರಿಯರು ಹೊರಡುವಾಗ, ನಿಮ್ಮ ಸ್ವಾತಂತ್ರ್ಯ ದಿನ ಯಾವಾಗ ಎಂದು ನನ್ನನ್ನು ಕೇಳಿದ್ದರು. ಆಗಸ್ಟ್ 15 ಎಂದೆ. ನಿಮ್ಮದಾದ ಒಂದು ತಿಂಗಳಿಗೆ ನಮ್ಮದು ಎಂದು ಅವರು ಸಂತೋಷಪಟ್ಟರು. ಈಚಿನ ಸೆಪ್ಟೆಂಬರುಗಳಲ್ಲಿ ಅವರು ಬೀದಿಗೆ ಬಂದು ಆ ಕೂಗನ್ನು ಕೂಗಿದರೋ ಇಲ್ಲವೋ ಎಂದು ನಾನು ಯೋಚಿಸುತ್ತಿರುತ್ತೇನೆ.