ಜಗುಲಿಯ ಮಾತು: ನಿಯಮ ಎಷ್ಟು ಉದ್ದವಿರಬೇಕು?

ಬರುವ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಸಂಘದ ನಿಬಂಧನೆಗಳ ಪರಿಷ್ಕರಣ ಚರ್ಚೆಗೆ ಬರಲಿದೆಯೆಂಬುದನ್ನು ವಾಚಕರು ಬಲ್ಲರು. ಕರಡು ಸಿದ್ಧಪಡಿಸುವ ಉಪಸಮಿತಿಯಲ್ಲಿ ನಮ್ಮನ್ನೂ ಸೇರಿಸಿದ್ದಾರೆ. ಹಗಲೆಲ್ಲ ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತು ನಿಯಮ, ಉಪನಿಯಮ, ತಿದ್ದುಪಡಿಗಳಲ್ಲೇ ಕಾಲ ಕಳೆಯುವ ಗುಮಾಸ್ತೆಗಿಂತ ಈ ಕೆಲಸಕ್ಕೆ ತಕ್ಕವನು ಇನ್ನಾರಿದ್ದಾನೆ ಎಂದು ಹಿರಿಯರು ಭಾವಿಸಿರಬೇಕು. ಅವರ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಈ ಲೇಖನವನ್ನು ಓದಿ ಮುಗಿಸಿದ ಮೇಲೆ ನೀವೇ ಹೇಳಿರಿ.

ಸಂಘ ಹುಟ್ಟಿದ ಕಾಲದ ನಿಬಂಧನೆ ನಮ್ಮ ಮುಂದಿದೆ. ಒಂದೇ ಹಾಳೆ, 11 ಕಲಮುಗಳು. ಈಗಿನ ಪುಸ್ತಕದಲ್ಲಿ 47 ಕಲಮುಗಳಿವೆ. ನಡುವಿನ 36 ಹೇಗೆ ಹುಟ್ಟಿದವೆಂಬುದು ಸ್ವಾರಸ್ಯವಾದ ಕಥೆ. ಯುಗಾದಿಯ ಊಟಕ್ಕೆ ಒಬ್ಬ ಮಹನೀಯರು 12 ಮಂದಿ ನೆಂಟರನ್ನು ಕರೆತಂದರು. ಕೊನೆಯ ಪಂಕ್ತಿಗೆ ಹೋಳಿಗೆ ಸಾಲದೆ ಹೋಯಿತು. ಸದಸ್ಯರೊಬ್ಬರಿಗೆ ಇಬ್ಬರೇ ಅತಿಥಿಗಳೆಂಬ ನಿಯಮ ಬಂತು. ಸಂಘದ ಕೊಪ್ಪರಿಗೆ ಯಾರದೋ ಮನೆಯ ಮದುವೆಗೆ ಹೋಗಿ ನೆಗ್ಗಿಕೊಂಡು ಮರಳಿತು. ಪಾತ್ರೆಗಳ ನಿಯಮ ಬಂತು. ವಂದನಾರ್ಪಣೆಗೆ ಎದ್ದವರೊಬ್ಬರು ಮುಕ್ಕಾಲು ಗಂಟೆ ಮಾತನಾಡಿದರು. ಮೂರು ನಿಮಿಷದ ನಿಯಮ ಬಂತು. ಈ ಕಲಮುಗಳಿಗೆ ಪುಸ್ತಕದಲ್ಲಿ ಅಂಕಿಗಳು ಮಾತ್ರ ಉಂಟು. ಸದಸ್ಯರ ಬಾಯಲ್ಲಿ ಒಂದೊಂದಕ್ಕೂ ಒಬ್ಬೊಬ್ಬರ ಹೆಸರುಂಟು! ಒಬ್ಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕಾಗಿದ್ದ ಮಾತನ್ನು ಹೇಳಲು ಸಂಕೋಚಪಟ್ಟು, ಎಲ್ಲರಿಗೂ ಅಚ್ಚು ಹಾಕಿಸಿ ಹಂಚಿದೆವು ಅಷ್ಟೆ.

ಇದರಿಂದ ಫಲವಾದರೂ ಸಿಕ್ಕಿತೆ? ಮರುವರ್ಷ ಅದೇ ಮಹನೀಯರು ತಮ್ಮ ಪತ್ನಿಯನ್ನೂ ಭಾವಮೈದುನನನ್ನೂ ಸದಸ್ಯರನ್ನಾಗಿ ಮಾಡಿಸಿ, ತಲೆಗೆ ಇಬ್ಬರಂತೆ ಆರು ಅತಿಥಿಗಳೊಡನೆ ನಗುನಗುತ್ತ ಬಂದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವವರನ್ನು ನಿಯಮದ ಉದ್ದದಿಂದ ಕಟ್ಟಲಾಗದು. ನಿಯಮ ಉದ್ದವಾದಷ್ಟೂ ಅವರಿಗೆ ತೂರುವ ದಾರಿಗಳು ಹೆಚ್ಚು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಕಳೆದ ವರ್ಷ ರಾಜ್ಯೋತ್ಸವದ ಸಮಯದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮಕ್ಕಳ ಕಾರ್ಯಕ್ರಮದಲ್ಲಿ ಭಾಗವಹಿಸುವ ಮಕ್ಕಳ ತಂದೆತಾಯಿಗಳು ಆ ವರ್ಷದ ಚಂದಾ ತೆತ್ತ ಸದಸ್ಯರಾಗಿರತಕ್ಕದ್ದು ಎಂಬುದು 31ನೆಯ ಕಲಮು. ಅದನ್ನು ಬರೆದವರು ನಾವೇ. ಚಂದಾ ಕೊಡದೆ ಮಕ್ಕಳನ್ನು ಮಾತ್ರ ವೇದಿಕೆಗೆ ಕಳಿಸುವವರು ಹೆಚ್ಚಾಗಿದ್ದಾರೆಂದು ಖಜಾಂಚಿಗಳು ಗೊಣಗಿದ್ದರು. ಅಂದು ಅಭ್ಯಾಸದ ಬಾಗಿಲಲ್ಲಿ ರಿಜಿಸ್ಟರು ಹಿಡಿದು ಕುಳಿತವರೂ ನಾವೇ.

ಧಾರವಾಡದ ಕಡೆಯ ತಾಯಿಯೊಬ್ಬರು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಕೈಯಲ್ಲಿ ಇಸ್ತ್ರಿ ಮಾಡಿ ಮಡಿಸಿದ ಪರಕಾರವಿತ್ತು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 300 ರೂಪಾಯಿ ಬಾಕಿ. ನಾವು ಕಲಮನ್ನು ಓದಿ ಹೇಳಿದೆವು. ಆಕೆ ಒಂದು ಮಾತೂ ವಾದಿಸಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾರ, ನಿಯಮ ಅಂದಮ್ಯಾಲ ನಿಯಮ" ಎಂದು ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಆಕೆಯ ಯಜಮಾನರು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದರೆಂದೂ ಸಂಬಳ ನಿಂತಿತ್ತೆಂದೂ ನಮಗೆ ತಿಳಿದದ್ದು ಮರುದಿನ. ಭಾನುವಾರ ಅವರ ಮನೆಗೆ ಹೋದೆವು. ಆಕೆ ಚಹಾ ಕೊಟ್ಟರು, ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಯಜಮಾನರು ಮಲಗಿದ್ದಲ್ಲಿಂದಲೇ, "ನೀವರ ಏನ್ ಮಾಡ್ತೀರಿ, ಬರದದ್ದು ಓದಿದ್ರಿ" ಎಂದರು. ಅವರು ಬೈದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ. ಆ 300 ರೂಪಾಯಿ ಅಂದು ನಮ್ಮ ಜೇಬಿನಲ್ಲೇ ಇತ್ತು. ಕೈ ಜೇಬಿಗೆ ಹೋಗದೆ ಪುಸ್ತಕಕ್ಕೆ ಹೋಯಿತು. ನಿಯಮ ಕೈಯಲ್ಲಿದ್ದರೆ ಯೋಚಿಸುವ ಶ್ರಮ ತಪ್ಪುತ್ತದೆ.

ಹಾಗಾದರೆ ಹಳೆಯ ಒಂದು ಹಾಳೆಯೇ ಸಾಕಲ್ಲವೆ ಎಂದು ಕೆಲವರು ಕೇಳಿಯಾರು. ಸಾಲದು. ಆ ಹಾಳೆಯ ಕೊನೆಯ ಕಲಮು ಹೀಗಿದೆ: ಸಂಘಕ್ಕೆ ಶೋಭಿಸದ ರೀತಿಯಲ್ಲಿ ನಡೆದ ಸದಸ್ಯರನ್ನು ಸಮಿತಿಯು ತೆಗೆದುಹಾಕಬಹುದು. ನೋಡಲು ಅಚ್ಚುಕಟ್ಟಾದ ವಾಕ್ಯ. ಆದರೆ ಬಹಳ ವರ್ಷಗಳ ಹಿಂದೆ ಅದೇ ವಾಕ್ಯದ ಬಲದಿಂದ ಸದಸ್ಯರೊಬ್ಬರನ್ನು ಹೊರಗೆ ಹಾಕಿದರೆಂದು ಹಿರಿಯರು ಹೇಳುತ್ತಾರೆ. ಅವರು ಮಾಡಿದ ಅಶೋಭನೀಯ ಕಾರ್ಯವೆಂದರೆ ಎರಡು ವರ್ಷದ ಲೆಕ್ಕಪತ್ರ ತೋರಿಸಿರೆಂದು ಸಭೆಯಲ್ಲಿ ಎದ್ದು ಕೇಳಿದ್ದು! ಯಾವುದು ಶೋಭೆ, ಯಾವುದಲ್ಲ ಎಂದು ತೀರ್ಮಾನಿಸಿದವರು ಆ ಲೆಕ್ಕ ಬರೆದವರೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಉದ್ದ ನಿಯಮ ಹುಡುಗಿಯನ್ನು ಹೊರಗಿಟ್ಟಿತು. ಗಿಡ್ಡ ನಿಯಮ ಪ್ರಶ್ನೆ ಕೇಳಿದವರನ್ನು ಹೊರಗಟ್ಟಿತು.

ಆದ್ದರಿಂದ ನಿಯಮ ಎಷ್ಟು ಉದ್ದವೆಂಬುದಕ್ಕಿಂತ ಎಲ್ಲಿ ಉದ್ದ, ಎಲ್ಲಿ ಗಿಡ್ಡವೆಂಬುದೇ ಮುಖ್ಯ. ಈ ವಿವೇಕವನ್ನು ನಾವು ಸಂಘಗಳ ನೋಂದಣಿಯ 1860ರ ಕಾಯಿದೆಯಲ್ಲಿ ಕಾಣುತ್ತೇವೆ. ಇಡೀ ಕಾಯಿದೆಗೆ 20 ಕಲಮುಗಳು. ಸಂಘ ಕಟ್ಟಲು ಕನಿಷ್ಠ 7 ಜನ ಬೇಕು. ಸಂಘದ ಉದ್ದೇಶವನ್ನು ಬದಲಿಸಬೇಕಾದರೆ 10 ದಿನ ಮುಂಚಿತವಾಗಿ ಸದಸ್ಯರಿಗೆ ಲಿಖಿತವಾಗಿ ತಿಳಿಸಬೇಕು, ಐದರಲ್ಲಿ ಮೂರು ಪಾಲು ಮತ ಬೇಕು, ಒಂದು ತಿಂಗಳು ಬಿಟ್ಟು ಸೇರುವ ಎರಡನೆಯ ಸಭೆಯಲ್ಲಿ ಅಷ್ಟೇ ಪಾಲು ಮತ್ತೆ ಒಪ್ಪಬೇಕು. ಅಧಿಕಾರದಲ್ಲಿದ್ದವರು ಅವಸರ ಮಾಡಬಹುದಾದ ಕಡೆ ಅಂಕಿಗಳು ಬಿಗಿಯಾಗಿವೆ. ಹೋಳಿಗೆಯ ಪಂಕ್ತಿಗೂ ವಂದನಾರ್ಪಣೆಗೂ ಅದು ಕೈ ಹಾಕುವುದಿಲ್ಲ. ಇನ್ನೊಂದು ಮಾತು. ಚಂದಾ ಬಾಕಿ ಮೂರು ತಿಂಗಳು ಮೀರಿದರೆ ಆ ಸದಸ್ಯನಿಗೆ ಮತವಿಲ್ಲವೆಂದು ಕಾಯಿದೆ ಹೇಳುತ್ತದೆ. ಮತ ಹಾಕುವ ದೊಡ್ಡವರಿಗೆ ಕಾಯಿದೆ ಮೂರು ತಿಂಗಳು ಕೊಟ್ಟಿತು. ಹಾಡಲು ಬಂದ ಮಗುವಿಗೆ ನಾವು ಒಂದು ದಿನವನ್ನೂ ಕೊಡಲಿಲ್ಲ.

ನಮ್ಮ ಕಚೇರಿಯ ಪಾಠವೂ ಇದೇ. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆಯ ನಿಯಮಗಳುಂಟು. ಅವುಗಳಲ್ಲಿ ಮೂರನೆಯ ನಿಯಮದ ಮೊದಲ ಭಾಗ ಮೂರೇ ಮಾತು ಹೇಳುತ್ತಿತ್ತು: ಪೂರ್ಣ ಪ್ರಾಮಾಣಿಕತೆ ಇರಲಿ, ಕರ್ತವ್ಯನಿಷ್ಠೆ ಇರಲಿ, ನೌಕರನಿಗೆ ತಕ್ಕದ್ದಲ್ಲದ್ದನ್ನು ಮಾಡದಿರಲಿ. 2014ರಲ್ಲಿ ಆ ಮೂರನ್ನು 21 ಮಾಡಿದರು. ಸಾರ್ವಜನಿಕರೊಡನೆ ಸೌಜನ್ಯವೂ ಅದರಲ್ಲಿ ಸೇರಿತು. ಬಂದ ಮುದುಕರಿಗೆ ಕುರ್ಚಿ ತೋರಿಸುವವನು ಅದಕ್ಕೆ ಮೊದಲೂ ತೋರಿಸುತ್ತಿದ್ದ. ತೋರಿಸದವನು ಈಗಲೂ ತೋರಿಸುತ್ತಿಲ್ಲ. ಆದರೆ ಉಡುಗೊರೆಯ ನಿಯಮ ನೋಡಿ. ಎಷ್ಟು ರೂಪಾಯಿ ಮೀರಿದರೆ ಸರ್ಕಾರದ ಅನುಮತಿ ಬೇಕೆಂದು ಅಂಕಿಯಲ್ಲೇ ಬರೆದಿದ್ದಾರೆ, ಏಕೆಂದರೆ ಅಲ್ಲಿ ಅಧಿಕಾರ ಹಣಕ್ಕೆ ಸೋಲಬಹುದು. ಅಪರೂಪಕ್ಕೊಮ್ಮೆ ಸ್ನೇಹಿತರ ಮನೆಯಲ್ಲಿ ಉಂಡ ಊಟ ಉಡುಗೊರೆಯಲ್ಲವೆಂದೂ, ಪದೇ ಪದೇ ಆತಿಥ್ಯ ಬೇಡವೆಂದೂ ಅದೇ ನಿಯಮ ಹೇಳುತ್ತದೆ. ಪದೇ ಪದೇ ಎಂದರೆ ಎಷ್ಟು ಸಲವೆಂದು ಬರೆದಿಲ್ಲ. ಅದನ್ನು ಉಣ್ಣುವವನ ಮನಸ್ಸಾಕ್ಷಿಗೆ ಬಿಟ್ಟಿದ್ದಾರೆ.

ಇದರಿಂದ ನಾವು ಕರಡಿನಲ್ಲಿ ಸೂಚಿಸಲಿರುವುದು ಇಷ್ಟು. ಹಣ, ಲೆಕ್ಕ, ಚುನಾವಣೆ, ಸಭೆಯ ತಿಳಿವಳಿಕೆ ಪತ್ರ ಇವುಗಳಿಗೆ ನಿಯಮ ವಿವರವಾಗಿರಲಿ, ದಿನ ಮತ್ತು ಅಂಕಿಗಳ ಸಹಿತ. ಸದಸ್ಯರನ್ನು ತೆಗೆಯಬೇಕಾದರೆ ಆಪಾದನೆ ಬರಹದಲ್ಲಿರಲಿ, ಉತ್ತರ ಹೇಳಲು ಅವಕಾಶವಿರಲಿ, ಕಡೆಯ ಮಾತು ಸಮಿತಿಯದಾಗದೆ ಮಹಾಸಭೆಯದಾಗಲಿ. ಊಟ, ಪಾತ್ರೆ, ಭಾಷಣ, ಅತಿಥಿ ಇವುಗಳ ಕಲಮುಗಳೆಲ್ಲ ಹೋಗಲಿ. ಒಬ್ಬರಿಗೊಬ್ಬರು ನೆರೆಮನೆಯವರಂತೆ ನಡೆದುಕೊಳ್ಳೋಣ ಎಂಬ ಒಂದು ಸಾಲು ಸಾಕು. ತಪ್ಪಿದವರಿಗೆ ತಿಳಿಹೇಳುವ ಕಷ್ಟವನ್ನು ಹಿರಿಯರು ಹೊರಲಿ.

ಕೊನೆಯದಾಗಿ, ಸರ್ಕಾರದ ನೇಮಕಾತಿ ನಿಯಮಗಳ ಕೊನೆಯಲ್ಲಿ ಬರುವ ಒಂದು ಕಲಮನ್ನು ನಾವೂ ಎರವಲು ತರೋಣ: ಅಗತ್ಯ ಕಂಡಲ್ಲಿ, ಕಾರಣವನ್ನು ಬರೆದಿಟ್ಟು, ನಿಯಮವನ್ನು ಸಡಿಲಿಸಬಹುದು. ಇದರಲ್ಲಿ ಕಾರಣ ಬರೆದಿಡುವುದೇ ಮುಖ್ಯ. ಬರೆದಿಟ್ಟ ಕಾರಣವನ್ನು ನಾಳೆ ಯಾರಾದರೂ ಓದಿ ಪ್ರಶ್ನಿಸಬಹುದು. ಆದ್ದರಿಂದ ಸಡಿಲಿಕೆ ಪಕ್ಷಪಾತವಾಗುವುದಿಲ್ಲ.

31ನೆಯ ಕಲಮನ್ನು ಹೊಡೆದುಹಾಕುವ ಸೂಚನೆಯನ್ನು ಮಂಡಿಸುವ ಹೊಣೆ ನಮ್ಮದು. ವಾಚಕರು ಸಭೆಗೆ ತಪ್ಪದೆ ಬಂದು, ಒಪ್ಪದಿದ್ದರೆ ಎದ್ದು ನಿಂತು ಹೇಳಬೇಕು. ಸಭೆಗಿಂತ ಮೊದಲು ನಮಗೆ ಇನ್ನೊಂದು ಕೆಲಸವಿದೆ. ಈ ವರ್ಷದ ಮಕ್ಕಳ ಅಭ್ಯಾಸ ಆರಂಭವಾಗುವ ಮುನ್ನ ಆ ಮನೆಗೆ ಮತ್ತೊಮ್ಮೆ ಹೋಗಿ, ಮಗಳನ್ನು ಕಳಿಸಿರೆಂದು ಕೇಳಿಕೊಳ್ಳಬೇಕು. ಹೋದ ಸಲ ಹಾಗೆ ಕೇಳಿದಾಗ ಆ ತಾಯಿ ಹೇಳಿದ್ದು, "ನೋಡೂಣ್ರಿ" ಎಂದಷ್ಟೆ.